ತಲೆನೋವು ಎಂದು ಬರುವ ಹುಡುಗಿಯರು

ನಾನು ನರ್ಸ್. ಹದಿಹರೆಯದ ಮತ್ತು ಅದಕ್ಕಿಂತ ಸ್ವಲ್ಪ ದೊಡ್ಡ ಹೆಣ್ಣುಮಕ್ಕಳು ಮುಟ್ಟು, ಬಸಿರು, ಸೋಂಕು, ಗರ್ಭನಿರೋಧಕ ಅಂತ ಬಂದರೆ ನೋಡುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ರಿಜಿಸ್ಟರ್ ತಿರುವಿದರೆ ಹುಡುಗಿಯರಿಗೆಲ್ಲ ಬರೀ ತಲೆನೋವು. ಇಲ್ಲದಿದ್ದರೆ ಸುಸ್ತು. ಕಾರಣ ತಿಳಿಯಲು ಕೌಂಟರ್ ಪಕ್ಕ ಸ್ವಲ್ಪ ಹೊತ್ತು ನಿಂತರೆ ಸಾಕಿತ್ತು. ಗಾಜಿನ ಹಿಂದಿನಿಂದ ಜೋರಾಗಿ "ಏನ್ ತೊಂದರೆ?" ಅಂತ ಕೇಳುತ್ತಿದ್ದರು. ಹುಡುಗಿಯ ಹಿಂದೆ ಉದ್ದ ಸಾಲು. ಸಾಲಿನಲ್ಲಿ ಗುರುತಿನವರೂ ಇರಬಹುದು. "ಡೇಟ್ ಮುಂದೆ ಹೋಗಿದೆ" ಅಂತ ಅಲ್ಲಿ ಯಾರು ಬಾಯಿಬಿಡುತ್ತಾರೆ? ತಲೆನೋವು ಅನ್ನುತ್ತಾಳೆ, ತಲೆನೋವಿನ ಮಾತ್ರೆ ತಗೊಂಡು ಹೋಗುತ್ತಾಳೆ.

ಹಾಗಾಗಿ ನಾವು ಮೊದಲು ಬದಲಾಯಿಸಿದ್ದು ಆ ಒಂದು ಪ್ರಶ್ನೆಯನ್ನು. ಈಗ ಕೌಂಟರ್‌ನಲ್ಲಿ ಕೇಳುವುದು "ಡಾಕ್ಟರಾ, ನರ್ಸಾ?" ಅಂತ ಮಾತ್ರ. ಚೀಟಿಯಲ್ಲಿ ನಂಬರ್ ಇರುತ್ತದೆ, ಕಾಯಿಲೆ ಇರುವುದಿಲ್ಲ. ಕರೆಯುವುದೂ ನಂಬರಿನಿಂದಲೇ. ಮದುವೆ ಆಗಿದೆಯಾ, ಗಂಡ ಏನು ಮಾಡುತ್ತಾನೆ ಅನ್ನುವ ಕಾಲಂಗಳನ್ನು ಹೊರಗಿನ ಫಾರಂನಿಂದ ತೆಗೆದೆವು. ಚಿಕಿತ್ಸೆಗೆ ಬೇಕಾದ್ದನ್ನು ಬಾಗಿಲು ಹಾಕಿಕೊಂಡು ಕೇಳಬಹುದಲ್ವಾ?

ನಮ್ಮಲ್ಲಿಗೆ ಬರುವವರಲ್ಲಿ ಮನೆಗೆಲಸದವರಿದ್ದಾರೆ, ಆಶ್ರಯಧಾಮದಲ್ಲಿ ಇರುವವರಿದ್ದಾರೆ, ಚಿಕ್ಕ ವಯಸ್ಸಿಗೆ ಮದುವೆಯಾದವರು, ಬೀದಿಯಲ್ಲಿ ಮಲಗುವವರು, ಲೈಂಗಿಕ ವೃತ್ತಿಯಲ್ಲಿ ಇರುವವರು, ಕಿವಿ ಕೇಳದವರು, ಕೆಲಸ ಹುಡುಕಿ ಬೇರೆ ಕಡೆಯಿಂದ ಬಂದು ಭಾಷೆಯೇ ಬಾರದವರು, ಎಲ್ಲರೂ ಇದ್ದಾರೆ. ಒಬ್ಬೊಬ್ಬರ ಕಷ್ಟ ಒಂದೊಂದು ಥರ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ: ಎರಡನೇ ಸಲ ಬರುವುದು ಅವರ ಕೈಲಿಲ್ಲ. ಇವತ್ತು ಏನೋ ಸುಳ್ಳು ಹೇಳಿ ಬಂದಿದ್ದಾರೆ. ನಾಳೆ ಆ ಸುಳ್ಳು ನಡೆಯುವುದಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ನಮ್ಮ ಎಷ್ಟೋ ಪದ್ಧತಿಗಳು ಹುಡುಗಿಯರನ್ನು ವಾಪಸ್ ಕಳಿಸಲೆಂದೇ ಮಾಡಿದಂತಿದ್ದವು. ಗರ್ಭನಿರೋಧಕ ಕೇಳಿ ಬಂದವಳಿಗೆ "ಮುಟ್ಟಾದಾಗ ಬನ್ನಿ, ಆಗ ಕೊಡ್ತೀವಿ" ಅನ್ನುವುದು ಅದರಲ್ಲಿ ದೊಡ್ಡದು. ಬಸಿರಿಲ್ಲ ಅನ್ನುವುದು ಖಾತ್ರಿಯಾಗಲಿ ಅಂತ ಹಾಗೆ ಹೇಳುತ್ತಿದ್ದರು. ಆದರೆ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲೇ ಆರು ಪ್ರಶ್ನೆಗಳಿವೆ. ಮುಟ್ಟು ಶುರುವಾಗಿ ಏಳು ದಿನದೊಳಗೆ ಇದ್ದೀಯಾ? ಕಳೆದ ಮುಟ್ಟಿನಿಂದ ಈಚೆಗೆ ಸಂಪರ್ಕವೇ ಆಗಿಲ್ಲವಾ? ಬೇರೆ ವಿಧಾನವನ್ನು ತಪ್ಪದೆ ಸರಿಯಾಗಿ ಬಳಸುತ್ತಿದ್ದೀಯಾ? ಹೆರಿಗೆಯಾಗಿ ನಾಲ್ಕು ವಾರದೊಳಗಾ? ಏಳು ದಿನದೊಳಗೆ ಗರ್ಭಪಾತ ಆಗಿದೆಯಾ? ಆರು ತಿಂಗಳೊಳಗಿನ ಮಗುವಿಗೆ ಬರೀ ಎದೆಹಾಲೇ ಕೊಡುತ್ತಾ, ಇನ್ನೂ ಮುಟ್ಟು ಬಂದಿಲ್ಲವಾ? ಒಂದಕ್ಕಾದರೂ ಹೌದು ಅಂದು, ಬಸಿರಿನ ಲಕ್ಷಣ ಇಲ್ಲದಿದ್ದರೆ ಅವತ್ತೇ ಶುರು ಮಾಡಬಹುದು. ಎಲ್ಲದಕ್ಕೂ ಇಲ್ಲ ಅಂದರೆ ಮೂತ್ರ ಪರೀಕ್ಷೆ ಇದೆ. ಕೊನೆಗೆ ಮಾತ್ರೆ, ಕಾಂಡೋಮ್ ಆದರೂ ಅವಳ ಕೈಗೆ ಕೊಟ್ಟು, ಕೆಲವು ವಾರ ಬಿಟ್ಟು ಮಾಡಿಕೊಳ್ಳಲು ಟೆಸ್ಟ್ ಕಿಟ್ ಕೊಡಬಹುದು. ಬರಿಗೈಯಲ್ಲಿ ಕಳಿಸುವ ಅಗತ್ಯ ಯಾವತ್ತೂ ಇರಲಿಲ್ಲ.

ಇನ್ನೊಂದು, ಒಳಗಡೆ ಚೆಕ್ ಮಾಡುವುದು. ಇದರ ಭಯಕ್ಕೇ ಎಷ್ಟೋ ಜನ ಬರುತ್ತಿರಲಿಲ್ಲ. ಮಾತ್ರೆಗಾಗಲಿ ಇಂಜೆಕ್ಷನ್‌ಗಾಗಲಿ ತೋಳಿನಲ್ಲಿ ಇಡುವ ಇಂಪ್ಲಾಂಟ್‌ಗಾಗಲಿ ಅದು ಬೇಕಿಲ್ಲ. ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕುವಾಗ ಮಾತ್ರ ಬೇಕು. ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಇರುವ ಮಾತ್ರೆ ಕೊಡುವ ಮೊದಲು ಬಿಪಿ ನೋಡಿದರೆ ಆಯಿತು. ಸೋಂಕಿನ ಪರೀಕ್ಷೆಗೂ ಹಲವು ಸಲ ಮೂತ್ರ ಸಾಕು, ಅಥವಾ ಹುಡುಗಿ ತಾನೇ ಹತ್ತಿಕಡ್ಡಿಯಲ್ಲಿ ಸ್ರಾವ ತೆಗೆದು ಕೊಡಬಹುದು. ಕಾಲು ಎತ್ತಿ ಮಲಗಿಸುವ ಆ ಟೇಬಲನ್ನು ಮಾತಾಡುವ ಕೋಣೆಯಿಂದ ಪಕ್ಕದ ಕೋಣೆಗೆ ಸಾಗಿಸಿದೆವು. ಒಳಗೆ ಬಂದ ಕೂಡಲೇ ಅದನ್ನೇ ದಿಟ್ಟಿಸುತ್ತಾ ಕುಳಿತವಳ ಜೊತೆ ಏನು ಮಾತಾಡುವುದು ಹೇಳಿ.

ಗಂಟೆ ಲೆಕ್ಕದ ಕೇಸುಗಳದ್ದು ಬೇರೆಯದೇ ಕಥೆ. ತುರ್ತು ಗರ್ಭನಿರೋಧಕ ಮಾತ್ರೆಯಲ್ಲಿ ಲೆವೊನಾರ್ಜೆಸ್ಟ್ರೆಲ್ ಅನ್ನು ಸಂಪರ್ಕವಾಗಿ 72 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ಎಷ್ಟು ಬೇಗ ಅಷ್ಟು ಗುಣ. ಯುಲಿಪ್ರಿಸ್ಟಲ್ ಅನ್ನುವ ಇನ್ನೊಂದು ಮಾತ್ರೆಗೆ 120 ಗಂಟೆ. ಐದು ದಿನದೊಳಗೆ ಕಾಪರ್-ಟಿ ಹಾಕಿದರೆ ಎಲ್ಲಕ್ಕಿಂತ ಗಟ್ಟಿ. ಎಚ್‌ಐವಿ ತಗುಲದಂತೆ ಕೊಡುವ ಔಷಧಿಯೂ 72 ಗಂಟೆಯೊಳಗೆ ಶುರುವಾಗಬೇಕು, ಆಮೇಲೆ 28 ದಿನ ನುಂಗಬೇಕು. ಬಲಾತ್ಕಾರ ಆದವಳನ್ನು "ಮೊದಲು ಪೊಲೀಸ್ ಕಾಗದ ತಗೊಂಡು ಬಾ" ಅಂತ ಕಳಿಸಿದರೆ ಈ ಗಂಟೆಗಳೆಲ್ಲ ಬೆಂಚಿನ ಮೇಲೆ ಕಳೆದುಹೋಗುತ್ತವೆ. ನಮ್ಮಲ್ಲಿ ಮೊದಲ ಡೋಸ್ ಮೊದಲು, ಫಾರಂ ಆಮೇಲೆ. ಈ ಔಷಧಿಗಳನ್ನು ರಾತ್ರಿ ಪಾಳಿಯ ಬೀರುವಿನಲ್ಲೂ ಇಟ್ಟಿದ್ದೇವೆ. ಬೀಗದ ಕೈ ಒಬ್ಬರೇ ಡಾಕ್ಟರ ಹತ್ತಿರ ಇರಬಾರದು ಅಂತ ಹಟ ಹಿಡಿದವಳು ನಾನೇ. ಇನ್ನೊಂದು ಸಣ್ಣ ವಿಷಯ. ಲೆವೊನಾರ್ಜೆಸ್ಟ್ರೆಲ್ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ನುಂಗಬೇಕು. ವಾಪಸ್ ಬರಲಾಗದವಳಿಗೆ ಅದಕ್ಕೇ ಇನ್ನೊಂದು ಮಾತ್ರೆಯನ್ನೂ ಕೊಟ್ಟೇ ಕಳಿಸುತ್ತೇನೆ.

ಹುಡುಗಿ ಒಬ್ಬಳೇ ಬರುವುದು ಕಮ್ಮಿ. ಅಮ್ಮ, ಅತ್ತೆ, ವಾರ್ಡನ್, ಕೆಲಸ ಕೊಟ್ಟವರು, ಹುಡುಗ, ಯಾರಾದರೂ ಜೊತೆಗಿರುತ್ತಾರೆ. ಅವರನ್ನು "ಹೊರಗೆ ಹೋಗಿ" ಅಂದರೆ ಅನುಮಾನ ಶುರು. ಅದಕ್ಕೆ ಎಲ್ಲರಿಗೂ ಒಂದೇ ನಿಯಮ ಮಾಡಿದೆವು: ತೂಕ, ಬಿಪಿ ನೋಡುವಾಗ ಪೇಷಂಟ್ ಒಬ್ಬರೇ.

ಒಮ್ಮೆ ಒಬ್ಬ ತಾಯಿ ಬಾಗಿಲಲ್ಲೇ ಅಡ್ಡ ನಿಂತರು. "ನಾನಿಲ್ದೆ ಅವ್ಳಿಗೆ ಏನೂ ಹೇಳೋಕೆ ಬರಲ್ಲ ಸಿಸ್ಟರ್." ಮಗಳಿಗೆ ಕಿವಿ ಕೇಳುತ್ತಿರಲಿಲ್ಲ.

"ಎಲ್ಲರಿಗೂ ಹೀಗೇ ಅಮ್ಮಾ. ಐದು ನಿಮಿಷ ಕೂತಿರಿ, ಆಮೇಲೆ ನಿಮ್ಮ ಹತ್ರಾನೂ ಮಾತಾಡ್ತೀನಿ."

ಒಳಗೆ ಕಾಗದ, ಪೆನ್ನು, ಚಿತ್ರದ ಪುಸ್ತಕ ಇಟ್ಟೆ. ಅವಳು ಚಿತ್ರಗಳ ಕಡೆ ನೋಡಲೇ ಇಲ್ಲ. ಪೆನ್ನು ತಗೊಂಡು ಪುಟ ತುಂಬಾ ಬರೆದಳು, ಅಷ್ಟೂ ಪ್ರಶ್ನೆಗಳೇ. ಕೊನೆಗೆ ಹಾಳೆಯನ್ನು ನಾಲ್ಕು ತುಂಡು ಮಾಡಿ ನನ್ನ ಕೈಗೇ ಕೊಟ್ಟಳು. ಆಮೇಲಿಂದ ಸನ್ನೆ ಭಾಷೆ ಬಲ್ಲ ಹೊರಗಿನವರನ್ನು ಗೊತ್ತು ಮಾಡಿಕೊಂಡೆವು. ಮನೆಯವರನ್ನು ದುಭಾಷಿ ಮಾಡುವುದಿಲ್ಲ.

ಗುಟ್ಟಿನ ಮಾತು ಕೇಳುವ ಮೊದಲೇ ಯಾವುದನ್ನು ಗುಟ್ಟಾಗಿ ಇಡಲು ನನಗೆ ಆಗುವುದಿಲ್ಲ ಅಂತ ಹೇಳಿಬಿಡುತ್ತೇನೆ. ಅವಳ ಜೀವಕ್ಕೆ ಅಪಾಯ ಇದ್ದರೆ, ಅಥವಾ ಅವಳ ವಯಸ್ಸಿಗೆ ಕಾನೂನು ವರದಿ ಮಾಡಲೇಬೇಕು ಅಂತಿದ್ದರೆ. ಕಾನೂನು ದೇಶಕ್ಕೊಂದು ಥರ. ಅದನ್ನು ನಾವೇ ಓದಿಕೊಳ್ಳಬೇಕು. ಯಾಕೆಂದರೆ "ಗಂಡನ ಸಹಿ ಬೇಕು" ಅನ್ನುವಂಥ ಮಾತುಗಳು ಎಷ್ಟೋ ಕಡೆ ಕಾನೂನಿನಲ್ಲಿ ಇರುವುದೇ ಇಲ್ಲ, ಹಳೇ ಸಿಬ್ಬಂದಿಯ ಬಾಯಲ್ಲಿ ಮಾತ್ರ ಇರುತ್ತವೆ.

ಯಾವ ವಿಧಾನ ಕೊಡುವುದು ಅನ್ನುವಾಗ ಪುಸ್ತಕ ಹೇಳುವ ಗುಣದೋಷಗಳ ಜೊತೆಗೆ ನಾನು ಇನ್ನೂ ಎರಡು ಕೇಳುತ್ತೇನೆ. ನಿನ್ನ ಬ್ಯಾಗು ಯಾರು ನೋಡ್ತಾರೆ? ನಿನ್ನ ಮುಟ್ಟಿನ ಲೆಕ್ಕ ಯಾರು ಇಡ್ತಾರೆ? ಬ್ಯಾಗು ತಡಕುವ ಮನೆಯಲ್ಲಿ ಮಾತ್ರೆಯ ಸ್ಟ್ರಿಪ್ ಉಳಿಯುವುದಿಲ್ಲ. ಮೂರು ತಿಂಗಳಿಗೊಂದು ಇಂಜೆಕ್ಷನ್ ಯಾರ ಕಣ್ಣಿಗೂ ಬೀಳದು. ಆದರೆ ಅದರಿಂದ ಕೆಲವರಿಗೆ ಮುಟ್ಟೇ ನಿಲ್ಲುತ್ತದೆ, ಮನೆಯಲ್ಲಿ ಲೆಕ್ಕ ಇಡುವವರಿದ್ದರೆ "ಬಸುರಿಯಾ?" ಅಂತ ರಗಳೆ. ಕಾಪರ್-ಟಿ ಹಾಕಿದರೆ ಮುಟ್ಟು ತಪ್ಪುವುದಿಲ್ಲ, ಸ್ವಲ್ಪ ಜಾಸ್ತಿ ಹೋಗಬಹುದು. ಅದರ ತುದಿಯ ದಾರ ಗಂಡಿಗೆ ತಾಗುತ್ತದೆ ಅಂದರೆ ಇನ್ನೂ ಚಿಕ್ಕದಾಗಿ ಕತ್ತರಿಸಬಹುದು. ಇಂಪ್ಲಾಂಟ್ ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಆದರೆ ತೋಳು ಮುಟ್ಟಿದರೆ ಬೆರಳಿಗೆ ಸಿಗುತ್ತದೆ. ಇವು ಯಾವುವೂ ಸೋಂಕು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯ ಸೋಂಕು ಬಂದರೂ ಬಹಳ ಹೆಂಗಸರಿಗೆ ಏನೂ ಗೊತ್ತಾಗುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಫೋನ್ ವಿಷಯದಲ್ಲೂ ಇದೇ ಎಚ್ಚರ. ನಂಬರ್ ಬರೆದುಕೊಳ್ಳುವ ಮೊದಲು ಫೋನ್ ಯಾರ ಕೈಲಿರುತ್ತದೆ ಅಂತ ಕೇಳುತ್ತೇವೆ. ಬೇರೆಯವರ ಕೈಲಿದ್ದರೆ ನಾವು ಕರೆ ಮಾಡುವುದಿಲ್ಲ, ಅವಳೇ ಮಾಡುತ್ತಾಳೆ.

ಕೆಲಸಕ್ಕೆ ಬಾರದ್ದೂ ಇದೆ. ಹದಿಹರೆಯದವರಿಗೆ ಅಂತ ಪ್ರತ್ಯೇಕ ಬಾಗಿಲು ಮಾಡಿ ಬಣ್ಣದ ಬೋರ್ಡ್ ಹಾಕುವುದು ತುಂಬಾ ಜನರಿಗೆ ಇಷ್ಟ, ಫೋಟೋಗೂ ಚೆನ್ನ. ಆ ಬಾಗಿಲೊಳಗೆ ಹೋದವಳು ಯಾಕೆ ಹೋದಳು ಅಂತ ಇಡೀ ಸಾಲಿಗೆ ಗೊತ್ತಾಗುತ್ತದೆ. ನಾವು ಬೋರ್ಡ್ ಇಳಿಸಿದೆವು. ಸಿಬ್ಬಂದಿಗೆ ನಡತೆ ಬಗ್ಗೆ ಭಾಷಣ ಕೊಡಿಸಿದ್ದೂ ಸುಮ್ನೆ ವ್ಯರ್ಥ. ಬದಲಿಗೆ, ಹಿಂದೆ ನಮ್ಮಲ್ಲಿ ಬಂದುಹೋದ ಹೆಣ್ಣುಮಕ್ಕಳೇ ರೋಗಿಗಳಂತೆ ಬಂದು, ಯಾರು ಏನು ಅಂದರು ಅಂತ ಆಮೇಲೆ ಹೆಸರು ಎತ್ತದೆ ಮೀಟಿಂಗ್‌ನಲ್ಲಿ ಓದಿದರು. ಕೌಂಟರ್‌ನವರು ಬೇಗ ಬದಲಾದರು. ಡಾಕ್ಟರುಗಳಿಗೆ ಜಾಸ್ತಿ ಸಮಯ ಹಿಡಿಯಿತು.

ನಮ್ಮಲ್ಲಿ ಆಗದ್ದಕ್ಕೆ ಬೇರೆ ಕಡೆ ಕಳಿಸುವಾಗ, ಮುಖ್ಯವಾಗಿ ಗರ್ಭಪಾತಕ್ಕೆ, ಬರೀ ಚೀಟಿ ಕೊಟ್ಟರೆ ಅರ್ಧದಾರಿಯಲ್ಲೇ ಕಳೆದುಹೋಗುತ್ತಾರೆ. ಮೊದಲೇ ಫೋನ್ ಮಾಡಿ, ಅಲ್ಲಿ ಯಾರನ್ನು ಕೇಳಬೇಕು ಅಂತ ಹೆಸರು ಹೇಳಿ ಕಳಿಸುತ್ತೇವೆ. ಆದರೆ ಜೊತೆಗೆ ಹೋಗುವವರು ಬೇಕು, ಸಂಜೆ ಕೆಲಸ ಮುಗಿಸಿ ಬರುವವರಿಗೆ ಬಾಗಿಲು ತೆರೆದಿರಬೇಕು. ಸಂಜೆ ಪಾಳಿಗೆ ಒಬ್ಬ ನರ್ಸ್ ಕೊಡಿ ಅಂತ ಕೇಳುತ್ತಲೇ ಇದ್ದೇನೆ, ಮೇಲಿನವರು ಸಂಜೆ ಯಾರೂ ಬರುವುದಿಲ್ಲ ಅನ್ನುತ್ತಾರೆ. ಬಾಗಿಲು ಹಾಕಿದ ಮೇಲೆ ಬಂದು ಹೋದವರ ಲೆಕ್ಕವನ್ನು ಈಗ ಗೇಟಿನ ಕಾವಲುಗಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದಾನೆ, ಹೆಸರಿಲ್ಲದೆ. ಮುಂದಿನ ಮೀಟಿಂಗ್‌ಗೆ ಅದನ್ನೇ ತಗೊಂಡು ಹೋಗುತ್ತೇನೆ.