ಮಲ್ಪೆಯ ಬಲೆ ಶೆಡ್ಡಿನಲ್ಲಿ ಸಿಪಿಆರ್ ಕಲಿಸಿದ್ದು: ನನ್ನ ಅನುಭವ

"ಮೀನುಗಾರರಿಗೆ ಸಿಪಿಆರ್ ಕಲಿಸ್ತೀಯಾ? ಎರಡು ತಿಂಗಳು ಬಿಟ್ಟು ಕೇಳು, ಏನೂ ನೆನಪಿರಲ್ಲ" ಎಂದು ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನಮ್ಮ ವಾರ್ಡಿನವರೇ ಹೇಳಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಸಿಪಿಆರ್ ಎಂದರೆ ಹೃದಯ, ಉಸಿರು ನಿಂತವರ ಎದೆ ಒತ್ತಿ, ಬಾಯಿಂದ ಉಸಿರು ಕೊಟ್ಟು ಜೀವ ಉಳಿಸಲು ನೋಡುವುದು.

ಆಗ ಭಜನಾ ಮಂದಿರದಲ್ಲಿ ಎರಡು ಗಂಟೆಯ ಕ್ಲಾಸ್ ಮಾಡಿದ್ದೆ. ಪ್ರೊಜೆಕ್ಟರ್, ಚಾ, ಗೋಳಿಬಜೆ, ಸರ್ಟಿಫಿಕೇಟ್. 60 ಜನ ಬಂದಿದ್ದರು, ಐದು ಸಾವಿರ ಖರ್ಚಾಯಿತು. ಎರಡು ತಿಂಗಳ ನಂತರ ಹತ್ತು ಜನರ ಮುಂದೆ ಎದೆ ಒತ್ತಿ ಕಲಿಯುವ ಬೊಂಬೆ ಇಟ್ಟೆ. ಸರಿಯಾಗಿ ಒತ್ತಿದ್ದು ಒಬ್ಬರೇ. ಇಬ್ಬರು ನೀರು ತೆಗೆಯಬೇಕೆಂದು ಹೊಟ್ಟೆ ಒತ್ತಿದರು! ಅದನ್ನೇ ಮಾಡಬೇಡಿ ಎಂದು ಅರ್ಧ ಗಂಟೆ ಹೇಳಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುವರ್ಷ ಕ್ಲಾಸೇ ಬಿಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ, ಅಲ್ವಾ? ಬೋಟುಗಳು ದಕ್ಕೆಯಲ್ಲಿ, ಜನ ಶೆಡ್ಡಿನಲ್ಲಿ ಬಲೆ ಸರಿ ಮಾಡುತ್ತಾ ಕೂತಿರುತ್ತಾರೆ. ಎರಡು ಗಂಟೆಗೆ ಡ್ಯೂಟಿ ಮುಗಿಸಿ ವಾರಕ್ಕೆ ಎರಡು ದಿನ ನಾನೇ ಅಲ್ಲಿಗೆ ಹೋದೆ. ಭಾಷಣ ಇಲ್ಲ. ಒಬ್ಬೊಬ್ಬರು ಎರಡು ನಿಮಿಷ ಒತ್ತುವುದು, ಮತ್ತೆ ಬಲೆಗೆ ಕೂರುವುದು. ಮುಂದಿನ ಸಲವೂ ಅದೇ ಜನ, ಅದೇ ಎರಡು ನಿಮಿಷ.

ಬೊಂಬೆಗೆ ಜಾಸ್ತಿ ದುಡ್ಡು ಹೋಯಿತು. ಎರವಲು ತಂದದ್ದು ಮಳೆಯಲ್ಲಿ ನೆನೆದು ಕೆಟ್ಟಿತು, ರಿಪೇರಿಗೆ ಕೈಯಿಂದ ಆರು ಸಾವಿರ ಕೊಟ್ಟೆ. ಆಮೇಲೆ ಸ್ವಂತ ಮಾಡಿದೆ. ತೆಂಗಿನ ನಾರು ತುಂಬಿದ್ದು ನಾಲ್ಕೇ ದಿನಕ್ಕೆ ಚಪ್ಪಟೆಯಾಯಿತು. ಬರೀ ಸ್ಪಂಜಾದರೆ ಮಗು ಒತ್ತಿದರೂ ತಗ್ಗುತ್ತದೆ. ಕೊನೆಗೆ ಲಾರಿ ಟ್ಯೂಬು, ಸ್ಪಂಜು, ಬಲೆಗೆ ಕಟ್ಟುವ ಪ್ಲಾಸ್ಟಿಕ್ ಗುಂಡು ಸೇರಿಸಿದಾಗ, ಸಿಪಿಆರ್‌ನಲ್ಲಿ ಎದೆ ಇಳಿಯಬೇಕಾದಷ್ಟೇ, ಐದು ಸೆಂಟಿಮೀಟರ್ ಇಳಿದು ತಿರುಗಿ ಎದ್ದು ಬಂತು. ಒಂದಕ್ಕೆ ಒಂಬೈನೂರು ರೂಪಾಯಿ. ಯಾವುದರ ಮೇಲೆ ಯಾವುದು ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವ ಲೆಕ್ಕ ಕೂರಿಸಲು ಹುಲಿವೇಷದ ತಾಸೆ ಪೆಟ್ಟು ಹಾಕಿ ನೋಡಿದೆ. ಹುಡುಗರಿಗೆ ಖುಷಿಯೋ ಖುಷಿ. ಆದರೆ ಕೈ ಓಡಿತು, ಎದೆ ಮೇಲೇಳುವ ಮೊದಲೇ ಮುಂದಿನ ಪೆಟ್ಟು. ಬಲೆ ಎಳೆಯುವ ಐಲೇಸಾ ತೀರಾ ನಿಧಾನ. ಆಮೇಲೆ ಒಬ್ಬ ಅಜ್ಜ ತಾನಾಗಿಯೇ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎಂದು ಎಣಿಸತೊಡಗಿದರು. ಗಡಿಯಾರ ಹಿಡಿದೆ, ಹೆಚ್ಚುಕಡಿಮೆ 110! ಅವತ್ತಿನಿಂದ ಶೆಡ್ಡಿನಲ್ಲಿ ಬೇರೆ ಎಣಿಕೆಯೇ ಇಲ್ಲ.

ನೀರಿನಲ್ಲಿ ಮುಳುಗಿ ಉಸಿರು ನಿಂತವರಿಗೆ ಎದೆ ಒತ್ತುವ ಮೊದಲು ಉಸಿರು ಕೊಡಬೇಕು. ಬಾಯಿಗೆ ಬಾಯಿ ಎಂದರೆ ಇವರು ಮುಖ ತಿರುಗಿಸುತ್ತಿದ್ದರು. ಬಾಯಿ ತಾಗದಂತೆ ಉಸಿರು ಊದಲು ಇಡುವ ಪಾಕೆಟ್ ಮಾಸ್ಕ್ ತೋರಿಸಿದ ಮೇಲೆ ಒಪ್ಪಿದರು. ಬೋಟಿಗೊಂದು ಇಟ್ಟುಕೊಳ್ಳಿ ಎಂದೆ, ಏಳೆಂಟು ಬೋಟಿನವರು ತಾವೇ ದುಡ್ಡು ಹಾಕಿ ತಂದರು.

ಡಿಸೆಂಬರಿನಲ್ಲಿ ಹೇಳದೆ ಹೋಗಿ ಪರೀಕ್ಷೆ ಮಾಡಿದೆ. 24 ಜನರಲ್ಲಿ 19 ಮಂದಿ ಸರಿಯಾಗಿ ಮಾಡಿದರು. ಹೊಟ್ಟೆಗೆ ಯಾರೂ ಕೈ ಹಾಕಲಿಲ್ಲ. ವಾರ್ಡಿನವರನ್ನೂ ಕರೆದುಕೊಂಡು ಹೋಗಿದ್ದೆ, ಅವರೇ ಎಣಿಸಿದ್ದು.

ಹೊರಡುವಾಗ ಬೋಟು ನಡೆಸುವ ಒಬ್ಬ ತಾಂಡೇಲರು ಬಂದು, "ಸಿಸ್ಟರ್, ದಡದಲ್ಲಾದರೆ 108 ಬರ್ತದೆ. ನಾವು ಹತ್ತು ದಿನ ಕಡಲಲ್ಲಿ ಇರುವವರು. ಒಂದು ಬೊಂಬೆ ಬೋಟಿಗೆ ಕೊಡಿ, ಹುಡುಗರಿಗೆ ನಾನೇ ಕಲಿಸ್ತೇನೆ" ಎಂದರು. ಕೊಟ್ಟೆ. ಈಗ ಇನ್ನೂ ಮೂರು ಬೋಟಿನವರು ಕೇಳಿದ್ದಾರೆ. ಟ್ಯೂಬು ತಂದಿಟ್ಟಿದ್ದೇನೆ.