ಹೋರ್ಡಿಂಗ್ ನಿಯಮದ ಕರಡು ಬಂದಿದೆಯೇ? ಅಳತೆಪಟ್ಟಿ ಹಿಡಿದು ಓದಿ

ಫಲಕ ಬರೆಯುವುದು ನನ್ನ ಕಸುಬಾಗಿತ್ತು. ಅರ್ಧ ಆಯುಷ್ಯ ಏಣಿಯ ಮೇಲೆ, ಬಣ್ಣದ ಡಬ್ಬಿಯ ಪಕ್ಕದಲ್ಲೇ ಕಳೆಯಿತು. ಹಾಗಾಗಿ ಜಾಹೀರಾತು ಫಲಕಗಳಿಗೆ ವಲಯವಾರು ನಿಯಮ ತರುವ ಕರಡು ಪ್ರಕಟವಾದಾಗಲೆಲ್ಲ ಎರಡೂ ಕಡೆಯವರು ನನ್ನ ಬಳಿ ಬಂದು ‘ನೀವು ಯಾರ ಪರ?’ ಎಂದು ಕೇಳುತ್ತಾರೆ. ಕರಡಿನಲ್ಲಿ ಅಳತೆ ಏನಿದೆ ಎಂದು ನೋಡದೆ ಹೇಳಲಾರೆ ಎನ್ನುತ್ತೇನೆ. ಜಾರಿಕೊಳ್ಳುತ್ತಿದ್ದಾನೆ ಎಂದು ಇಬ್ಬರೂ ಮುನಿಸಿಕೊಳ್ಳುತ್ತಾರೆ.

ಕರಡಿನ ಮೇಲೆ ಜನರ ಅಹವಾಲು ಕೇಳುವ ಸಭೆಗಳಲ್ಲಿ ಹೆಚ್ಚು ಹೊತ್ತು ಹಾಳಾಗುವುದು ಸೌಂದರ್ಯದ ಮಾತಿನಲ್ಲಿ. ಒಬ್ಬರು ರಸ್ತೆಯ ಅಂದ ಕೆಟ್ಟಿತು ಎನ್ನುತ್ತಾರೆ, ಇನ್ನೊಬ್ಬರು ಹೊಟ್ಟೆಪಾಡು ಎನ್ನುತ್ತಾರೆ. ಎರಡೂ ನಿಜವೇ. ಅಧಿಕಾರಿಗಳು ಎರಡನ್ನೂ ನಡಾವಳಿಯಲ್ಲಿ ಒಂದೊಂದು ಸಾಲು ಬರೆದುಕೊಂಡು ಕರಡನ್ನು ಇದ್ದ ಹಾಗೆಯೇ ಮುಂದಕ್ಕೆ ಕಳುಹಿಸುತ್ತಾರೆ. ಅವರು ಪೆನ್ನು ಕೆಳಗಿಟ್ಟು ತಲೆ ಎತ್ತುವುದು ಯಾರಾದರೂ ‘ಈ ಕಲಮಿನಲ್ಲಿ ಎತ್ತರವನ್ನು ಎಲ್ಲಿಂದ ಅಳೆಯುತ್ತೀರಿ?’ ಎಂದು ಕೇಳಿದಾಗ. ನಿಯಮ ಬಿಗಿಯಾಗಬೇಕು ಎನ್ನುವವರಿರಲಿ, ಸಡಿಲವಾಗಬೇಕು ಎನ್ನುವವರಿರಲಿ, ಕರಡನ್ನು ಓದುವ ಕ್ರಮ ಒಂದೇ.

ವ್ಯಾಖ್ಯೆಗಳ ಪುಟ

ಕರಡಿನ ಪೀಠಿಕೆಯನ್ನು ಬಿಟ್ಟು ನೇರವಾಗಿ ವ್ಯಾಖ್ಯೆಗಳಿಗೆ ಹೋಗಿ. ಅಲ್ಲಿ ಮೊದಲು ಹುಡುಕಬೇಕಾದದ್ದು ಅಂಗಡಿಯ ನಾಮಫಲಕಕ್ಕೂ ಬಾಡಿಗೆ ಹೋರ್ಡಿಂಗ್‌ಗೂ ಮಾಡಿರುವ ವ್ಯತ್ಯಾಸ. ಆ ಜಾಗದಲ್ಲೇ ನಡೆಯುವ ವ್ಯಾಪಾರವನ್ನು ತಿಳಿಸುವ ಫಲಕ ಒಂದು ಬಗೆ. ಎಲ್ಲೋ ಮಾರುವ ವಸ್ತುವಿಗಾಗಿ ಜಾಗವನ್ನು ಬಾಡಿಗೆಗೆ ಕೊಟ್ಟ ಫಲಕ ಇನ್ನೊಂದು ಬಗೆ. ಈ ಗೆರೆ ಸ್ಪಷ್ಟವಾಗಿಲ್ಲದಿದ್ದರೆ ಸಣ್ಣ ಅಂಗಡಿಗಳವರೆಲ್ಲ ದೊಡ್ಡ ಹೋರ್ಡಿಂಗ್ ಕಂಪನಿಗಳ ಬೆನ್ನಿಗೆ ನಿಲ್ಲುತ್ತಾರೆ, ಏಕೆಂದರೆ ತಮ್ಮ ಬೋರ್ಡಿಗೂ ಕುತ್ತು ಬಂತು ಎಂದು ಅವರಿಗೆ ಭಯ. ಆ ಭಯ ಹೋಗಲಾಡಿಸದೆ ಸಭೆಗೆ ಹೋಗಬೇಡಿ.

ಈ ವಿಷಯದಲ್ಲಿ ಬ್ರೆಜಿಲ್‌ನ ಸಾವೊ ಪೌಲೊ ನಗರ ಎಲ್ಲರಿಗಿಂತ ಮುಂದೆ ಹೋಯಿತು. 2006ರಲ್ಲಿ ಅಂಗೀಕಾರವಾಗಿ 2007ರ ಜನವರಿಯಲ್ಲಿ ಜಾರಿಗೆ ಬಂದ ಅಲ್ಲಿನ ‘ಸ್ವಚ್ಛ ನಗರ’ ಕಾನೂನು ಬಾಡಿಗೆ ಹೋರ್ಡಿಂಗ್‌ಗಳನ್ನು ಪೂರ್ತಿಯಾಗಿ ತೆಗೆಸಿತು. ನಾಮಫಲಕಗಳನ್ನು ಮಾತ್ರ ಕಟ್ಟಡದ ಮುಂಭಾಗದ ಅಗಲಕ್ಕೆ ಕಟ್ಟಿಹಾಕಿತು: ಮುಂಭಾಗ ಹತ್ತು ಮೀಟರಿಗಿಂತ ಕಡಿಮೆಯಿದ್ದರೆ ಒಂದೂವರೆ ಚದರ ಮೀಟರ್, ಹತ್ತರಿಂದ ನೂರು ಮೀಟರಿನೊಳಗಿದ್ದರೆ ನಾಲ್ಕು. ನೀವು ಆ ಕಾನೂನನ್ನು ಒಪ್ಪಬೇಕಿಲ್ಲ. ನನಗೂ ಅದು ತುಸು ಅತಿಯೆಂದೇ ತೋರುತ್ತದೆ. ಒಂದೂವರೆ ಚದರ ಮೀಟರಿನಲ್ಲಿ ಹೆಸರು ಬರೆದು ಕೆಳಗೊಂದು ಚಿತ್ರ ಬಿಡಿಸಲು ಹೋದರೆ ಎರಡೂ ಕೆಡುತ್ತವೆ. ಆದರೆ ಅದನ್ನು ಬರೆದ ರೀತಿ ನೋಡಿ. ಅಂಗಡಿಯವನು ತನ್ನ ಬಾಗಿಲಿನ ಮುಂದೆ ಟೇಪು ಹಿಡಿದು ತನಗೆಷ್ಟು ಸಿಗುತ್ತದೆ ಎಂದು ತಾನೇ ಲೆಕ್ಕ ಹಾಕಬಲ್ಲ. ಹಾಗೆ ಲೆಕ್ಕಕ್ಕೆ ಸಿಗದ ‘ಸೂಕ್ತ ಗಾತ್ರ’, ‘ಪರಿಸರಕ್ಕೆ ಹೊಂದುವಂತೆ’ ಎಂಬ ಮಾತುಗಳು ಕರಡಿನಲ್ಲಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಅಂಥ ಮಾತು ಇರುವ ಕಡೆಯೆಲ್ಲ ಮುಂದೆ ಮೇಜಿನ ಕೆಳಗಿನ ವ್ಯವಹಾರ ನಡೆಯುತ್ತದೆ.

ಇನ್ನೊಂದು ಎಚ್ಚರ. ಫಲಕದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಯಮ ಬದಲಾಗುತ್ತಿದ್ದರೆ ಅದು ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಅಮೆರಿಕದ ಅರಿಜೋನಾ ರಾಜ್ಯದ ಗಿಲ್ಬರ್ಟ್ ಎಂಬ ಪಟ್ಟಣದಲ್ಲಿ ರಾಜಕೀಯ ಫಲಕಕ್ಕೆ ಒಂದು ಗಾತ್ರ, ವಿಚಾರ ಹೇಳುವ ಫಲಕಕ್ಕೆ ಇನ್ನೊಂದು, ಪ್ರಾರ್ಥನಾ ಸಭೆಗೆ ದಾರಿ ತೋರಿಸುವ ಫಲಕಕ್ಕೆ ಎಲ್ಲಕ್ಕಿಂತ ಚಿಕ್ಕದು ಎಂದು ನಿಯಮವಿತ್ತು. ಸಣ್ಣದೊಂದು ಚರ್ಚಿನವರು ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ಒಮ್ಮತದಿಂದ ರದ್ದುಮಾಡಿತು. ಆದರೆ ಅದೇ ನ್ಯಾಯಾಲಯ 2022ರಲ್ಲಿ ಆಸ್ಟಿನ್ ನಗರದ ಪ್ರಕರಣದಲ್ಲಿ, ಫಲಕ ಯಾವ ಜಾಗದಲ್ಲಿದೆ ಎಂಬುದನ್ನು ಆಧರಿಸಿ ಮಾಡುವ ಭೇದ ಬೇರೆ ಮಾತು ಎಂದಿತು. ಎಲ್ಲಿ, ಎಷ್ಟು ದೊಡ್ಡದು, ಎಷ್ಟು ಬೆಳಕು ಎಂದು ಹೇಳುವ ನಿಯಮ ಗಟ್ಟಿ ನೆಲದ ಮೇಲಿರುತ್ತದೆ. ಏನು ಬರೆದಿದೆ ಎಂದು ಕೇಳತೊಡಗಿದರೆ, ಕಾನೂನು ಯಾವ ದೇಶದ್ದೇ ಇರಲಿ, ವಕೀಲರಿಗೆ ಕೆಲಸ ಸಿಕ್ಕಿತು ಎಂದೇ ಅರ್ಥ.

ಬೀದಿಗೆ ಇಳಿಯಿರಿ

ಕರಡು ಓದಿದ ಮೇಲೆ ನಿಮಗೆ ಪರಿಚಯವಿರುವ ಒಂದೇ ಒಂದು ರಸ್ತೆಯನ್ನು ಆರಿಸಿಕೊಳ್ಳಿ. ಇಡೀ ನಗರವನ್ನು ಸಮೀಕ್ಷೆ ಮಾಡುತ್ತೇನೆಂದು ಹೊರಟವರು ಮೂರನೆಯ ತಿರುವಿನಲ್ಲಿ ಕೈಬಿಡುತ್ತಾರೆ. ಪ್ರತಿ ಫಲಕಕ್ಕೂ ಒಂದು ಸಾಲು: ಎಲ್ಲಿದೆ, ಅಗಲ, ಎತ್ತರ, ನೆಲದಿಂದ ಮೇಲಿನ ಅಂಚಿಗೆ ಎಷ್ಟು, ಒಂದು ಮುಖವೋ ಎರಡು ಮುಖವೋ, ಪರವಾನಗಿ ಸಂಖ್ಯೆ ಕಾಣುತ್ತದೆಯೇ, ಭೂಬಳಕೆ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ.

ಅಳೆಯಲು ಮೇಲೆ ಹತ್ತಬೇಕಿಲ್ಲ. ಹಿಂದಿನಿಂದ ನೋಡಿದರೆ ಕಬ್ಬಿಣದ ಚೌಕಟ್ಟಿನ ಚೌಕಗಳು ಕಾಣುತ್ತವೆ, ಅವು ಸಾಮಾನ್ಯವಾಗಿ ಸಮ ಅಳತೆಯವು. ಕೆಳಗೆ ಕೈಗೆಟುಕುವ ಒಂದು ಚೌಕವನ್ನು ಅಳೆದು ಉಳಿದವನ್ನು ಎಣಿಸಿದರಾಯಿತು. ನಾವು ಗೋಡೆಯ ಮೇಲೆ ಚಿತ್ರ ಹಿಗ್ಗಿಸುವಾಗ ಚೌಕ ಎಳೆದುಕೊಳ್ಳುತ್ತಿದ್ದೆವು, ಇದು ಅದನ್ನೇ ತಿರುಗಿಸಿ ಮಾಡುವ ಲೆಕ್ಕ. ಕಂಬದ ಮೇಲಿನ ಫಲಕದ ಎತ್ತರಕ್ಕೆ ನೆರಳು ಸಾಕು. ಸಮತಟ್ಟಾದ ನೆಲದಲ್ಲಿ 1.6 ಮೀಟರ್ ಎತ್ತರದ ನಿಮ್ಮ ನೆರಳು 0.8 ಮೀಟರ್ ಇರುವ ಹೊತ್ತಿನಲ್ಲಿ ಫಲಕದ ನೆರಳಿನ ತುದಿ ಕಂಬದ ಬುಡದಿಂದ ಆರು ಮೀಟರ್ ದೂರವಿದ್ದರೆ, ಫಲಕ ಹನ್ನೆರಡು ಮೀಟರ್ ಎತ್ತರದಲ್ಲಿದೆ. ಜೊತೆಗೆ ಒಬ್ಬರು ಇರಲಿ. ಟೇಪಿನ ಇನ್ನೊಂದು ತುದಿ ಹಿಡಿಯುವುದಕ್ಕೂ, ‘ಏನು ಮಾಡುತ್ತಿದ್ದೀರಿ?’ ಎಂದು ಕೇಳಲು ಬರುವವರಿಗೆ ಉತ್ತರ ಹೇಳುವುದಕ್ಕೂ.

ಈ ಪಟ್ಟಿಯನ್ನು ಕರಡಿನ ಪಕ್ಕದಲ್ಲಿಟ್ಟು ನೋಡಿದರೆ ಕಲಮುಗಳ ತೂತುಗಳು ತಾವೇ ಕಾಣುತ್ತವೆ. ವಿಸ್ತೀರ್ಣ ಎಂದರೆ ಒಂದು ಮುಖದ್ದೋ ಎರಡರದ್ದೋ? ಚೌಕಟ್ಟು ಸೇರಿಸಿಯೋ ಬಿಟ್ಟೋ? ಚೌಕಟ್ಟಿನಾಚೆಗೆ ಚಾಚಿದ ಕಟೌಟ್ ಲೆಕ್ಕಕ್ಕಿದೆಯೇ? ಎತ್ತರ ರಸ್ತೆಯ ಮಟ್ಟದಿಂದಲೋ ಕಂಬದ ಬುಡದಿಂದಲೋ? ಬುಡಕ್ಕೆ ಮಣ್ಣು ತುಂಬಿಸಿ ದಿಬ್ಬ ಮಾಡಿದರೆ ಕಾನೂನಿನ ಕಣ್ಣಿಗೆ ಫಲಕ ಗಿಡ್ಡವಾಗಿಬಿಡುತ್ತದೆ. ಎರಡು ಫಲಕಗಳ ನಡುವಿನ ಅಂತರ ರಸ್ತೆಯ ಒಂದೇ ಬದಿಗೋ ಎರಡೂ ಬದಿಗೋ? ಇವಕ್ಕೆ ಉತ್ತರವಿಲ್ಲದ ಕರಡಿಗೆ ಯಾವ ಸಂಖ್ಯೆ ಹಾಕಿದರೂ ಒಂದೇ.

ಎಲ್‌ಇಡಿ ಪರದೆ

ಬಣ್ಣದ ಫಲಕ ರಾತ್ರಿ ಮಲಗುತ್ತದೆ, ಪರದೆ ಮಲಗುವುದಿಲ್ಲ. ಹೀಗಾಗಿ ಇದಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕು. ಕರಡಿನಲ್ಲಿ ‘ಪ್ರಕಾಶಿತ ಫಲಕ’ ಎಂಬ ಒಂದೇ ತಲೆಬರಹದಡಿ ಟ್ಯೂಬ್‌ಲೈಟ್ ಹಾಕಿದ ಬೋರ್ಡನ್ನೂ ಈ ಪರದೆಯನ್ನೂ ಸೇರಿಸಿದ್ದರೆ ಮೊದಲ ಆಕ್ಷೇಪಣೆ ಅದೇ ಆಗಲಿ.

ಒಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನೋಡಿ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಎಂಟು ಸೆಕೆಂಡ್ ಎಂದಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಎಂಟು ಸೆಕೆಂಡಿನಲ್ಲಿ ಸುಮಾರು 133 ಮೀಟರ್ ಸಾಗುತ್ತದೆ. ನೇರ ರಸ್ತೆಯಲ್ಲಿ ಪರದೆ 400 ಮೀಟರ್ ದೂರದಿಂದಲೇ ಕಂಡರೆ ಚಾಲಕನ ಕಣ್ಣೆದುರು ಅದು ಮೂರು ಬಾರಿ ಬದಲಾಗುತ್ತದೆ, ಮತ್ತು ಕಣ್ಣನ್ನು ಸೆಳೆಯುವುದು ಆ ಬದಲಾವಣೆಯೇ. ಹಾಗಾಗಿ ಎಲ್ಲ ರಸ್ತೆಗೂ ಒಂದೇ ಸಂಖ್ಯೆ ಬೇಡ. ಪರದೆ ಕಾಣುವ ದೂರವನ್ನು ಆ ರಸ್ತೆಯ ವೇಗಮಿತಿಯಿಂದ ಭಾಗಿಸಿ ಬರುವ ಸಮಯವನ್ನು ಕನಿಷ್ಠ ಮಿತಿಯಾಗಿ ಕೇಳಿ. ಕಂಪನಿಯವರು ಇದಕ್ಕೆ ಕೂಗಾಡುತ್ತಾರೆ. ಎಂಟು ಸೆಕೆಂಡಿನ ಬದಲು ಇಪ್ಪತ್ತನಾಲ್ಕು ಆದರೆ ಮಾರಲು ಸಿಗುವ ಸರದಿಗಳ ಸಂಖ್ಯೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಚೌಕಾಸಿ ಅಲ್ಲಿಂದ ಶುರುವಾಗಲಿ.

ಬೆಳಕಿಗೆ ಎರಡು ಬಗೆಯ ಅಳತೆಗಳಿವೆ. ಪರದೆಯ ಮೈಯ ಪ್ರಕಾಶವನ್ನು ನಿಟ್‌ಗಳಲ್ಲಿ ಅಳೆಯುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾಣಲು ಪರದೆಗೆ ಸಾವಿರಾರು ನಿಟ್ ಬೇಕು, ರಾತ್ರಿ ಅದರಲ್ಲಿ ಸಣ್ಣದೊಂದು ಪಾಲು ಸಾಕು. ಆದ್ದರಿಂದ ರಾತ್ರಿಗೆ ಪ್ರತ್ಯೇಕ ಮಿತಿ ಮತ್ತು ಸುತ್ತಲಿನ ಬೆಳಕಿಗೆ ತಕ್ಕಂತೆ ತಾನೇ ಮಂಕಾಗುವ ವ್ಯವಸ್ಥೆ ಎರಡೂ ಕಲಮಿನಲ್ಲಿರಬೇಕು. ಇನ್ನೊಂದು ಅಳತೆ ನೋಡುವವನ ಜಾಗಕ್ಕೆ ಬಂದು ಬೀಳುವ ಬೆಳಕಿನದು. ಅಮೆರಿಕದ ಹಲವು ನಗರಗಳು ಪರದೆ ಹೊತ್ತಿದಾಗ ಸುತ್ತಲಿನ ಬೆಳಕು 0.3 ಫುಟ್‌ಕ್ಯಾಂಡಲ್‌ಗಿಂತ, ಅಂದರೆ ಸುಮಾರು 3.2 ಲಕ್ಸ್‌ಗಿಂತ, ಹೆಚ್ಚಾಗಬಾರದು ಎನ್ನುತ್ತವೆ. ಇದನ್ನು ಎಷ್ಟು ದೂರದಿಂದ ಅಳೆಯಬೇಕು ಎಂಬುದಕ್ಕೂ ಸೂತ್ರವಿದೆ: ಚದರ ಅಡಿಯಲ್ಲಿನ ವಿಸ್ತೀರ್ಣವನ್ನು ನೂರರಿಂದ ಗುಣಿಸಿ ವರ್ಗಮೂಲ ತೆಗೆದರೆ ದೂರ ಅಡಿಯಲ್ಲಿ ಸಿಗುತ್ತದೆ. ಅಲ್ಲಿನ ಹೆದ್ದಾರಿಯ 14×48 ಅಡಿ ಫಲಕಕ್ಕೆ ಅದು ಸುಮಾರು 259 ಅಡಿ. ಈ ಸೂತ್ರ ಬಂದದ್ದು ಜಾಹೀರಾತು ಉದ್ಯಮದ ಕಡೆಯಿಂದಲೇ ಎಂಬುದು ನೆನಪಿರಲಿ. ಅದಕ್ಕಿಂತ ಸಡಿಲವಾದದ್ದನ್ನು ಯಾರಾದರೂ ಕೇಳಿದರೆ ನಿಮ್ಮವರೇ ಒಪ್ಪಿದ ಮಿತಿ ಇದು ಎಂದು ತೋರಿಸಬಹುದು.

ಅಪಘಾತದ ವಾದವನ್ನು ಹಿಗ್ಗಿಸಬೇಡಿ. ಯಾವ ಅಧ್ಯಯನ ತಂದರೂ ಎದುರಿನವರು ಅದಕ್ಕೆ ವಿರುದ್ಧವಾದದ್ದನ್ನು ತರುತ್ತಾರೆ. ಅದರ ಬದಲು ಸಿಗ್ನಲ್‌ನ ಹಿಂದೆ ಕೆಂಪು ಪರದೆ ಇರುವ ಒಂದು ಕೂಡುರಸ್ತೆಯ ಚಿತ್ರವನ್ನು ಚಾಲಕನ ಕಣ್ಣಿನ ಎತ್ತರದಿಂದ, ಮುಸ್ಸಂಜೆಯಲ್ಲಿ ತೆಗೆಯಿರಿ. ಅದನ್ನು ಅಲ್ಲಗಳೆಯುವುದು ಕಷ್ಟ.

ಕಲಮುಗಳ ನಡುವಿನ ಕಳ್ಳಹಾದಿಗಳು

ಅಮೆರಿಕದಲ್ಲಿ 1965ರ ಹೆದ್ದಾರಿ ಸೌಂದರ್ಯ ಕಾಯ್ದೆ ಹೆದ್ದಾರಿಯ ಅಂಚಿನಿಂದ 660 ಅಡಿಯೊಳಗಿನ ಹೋರ್ಡಿಂಗ್‌ಗಳಿಗೆ ಕಡಿವಾಣ ಹಾಕಿತು, ಆದರೆ ವಾಣಿಜ್ಯ ಮತ್ತು ಕೈಗಾರಿಕಾ ವಲಯಗಳಿಗೆ ವಿನಾಯಿತಿ ಕೊಟ್ಟಿತು. ಫಲವೇನು? ಒಂದು ಅಂಗಡಿಯೂ ಇಲ್ಲದ ಹೆದ್ದಾರಿ ಬದಿಯ ಹೊಲಗಳನ್ನು ನಕ್ಷೆಯಲ್ಲಿ ವಾಣಿಜ್ಯ ವಲಯವೆಂದು ಬದಲಿಸಿಕೊಂಡು ಹೋರ್ಡಿಂಗ್ ನೆಟ್ಟರು. ನಿಮ್ಮ ಕರಡಿನಲ್ಲಿ ವಾಣಿಜ್ಯ ವಲಯಕ್ಕೆ ಅನುಮತಿ ಇದ್ದರೆ, ‘ಜಾಹೀರಾತಿಗಾಗಿಯೇ ವಲಯ ಬದಲಾಯಿಸುವಂತಿಲ್ಲ, ಇಷ್ಟು ಅಂತರದೊಳಗೆ ನಡೆಯುತ್ತಿರುವ ವ್ಯಾಪಾರ ಇರಬೇಕು’ ಎಂಬ ವಾಕ್ಯ ಸೇರಿಸಲು ಕೇಳಿ. ಪಕ್ಕದ ವಸತಿ ವಲಯದ ಕಿಟಕಿಗೆ ಮುಖ ಮಾಡಿದ ಫಲಕದ ಗತಿ ಏನೆಂದೂ ಕೇಳಿ. ನಕ್ಷೆಯಲ್ಲಿ ಬಣ್ಣ ಬದಲಾದಲ್ಲಿ ಬೆಳಕು ನಿಲ್ಲುವುದಿಲ್ಲ.

ಇನ್ನೊಂದು ಹಾದಿ ಬೇರೆ ಇಲಾಖೆಯ ನೆಲ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಕುಸಿದ ಹೋರ್ಡಿಂಗ್ 120×120 ಅಡಿ ಇತ್ತು. ಮಹಾನಗರ ಪಾಲಿಕೆಯ ಮಿತಿ 40×40. ಅದು ನಿಂತಿದ್ದ ನೆಲ ರೈಲ್ವೆ ಪೊಲೀಸರ ವಶದಲ್ಲಿತ್ತು, ಪಾಲಿಕೆಯ ಅನುಮತಿ ಇರಲಿಲ್ಲ. ಹದಿನೇಳು ಜನ ಸತ್ತರು. ಕಾಗದದ ಮೇಲೆ ಮಿತಿ ಇತ್ತು, ಅದು ಆ ನೆಲಕ್ಕೆ ಅನ್ವಯಿಸುತ್ತದೆಯೇ ಎಂಬುದು ಮಾತ್ರ ವಿವಾದವಾಗಿ ಉಳಿದಿತ್ತು. ಸರ್ಕಾರಿ, ರೈಲ್ವೆ, ಸಾರಿಗೆ ನಿಗಮದ ಜಾಗಗಳಿಗೂ ಇದೇ ಮಿತಿ ಎಂದು ಕರಡು ಬಾಯಿಬಿಟ್ಟು ಹೇಳಲಿ. ಫ್ರಾನ್ಸಿನ ಗ್ರೆನೋಬಲ್ 2014ರ ಕೊನೆಯಲ್ಲಿ ಗುತ್ತಿಗೆ ನವೀಕರಿಸದೆ 326 ಜಾಹೀರಾತು ಫಲಕಗಳನ್ನು ತೆಗೆಯಲು ತೀರ್ಮಾನಿಸಿದಾಗಲೂ ಬಸ್ ಮತ್ತು ಟ್ರಾಮ್ ನಿಲ್ದಾಣಗಳ ಜಾಹೀರಾತು ಉಳಿದುಕೊಂಡಿತು. ಅವುಗಳ ಗುತ್ತಿಗೆ ಇನ್ನೊಂದು ಸಂಸ್ಥೆಯ ಕೈಯಲ್ಲಿತ್ತು.

ಈಗಾಗಲೇ ನಿಂತಿರುವ ಫಲಕಗಳ ಬಗ್ಗೆ ಕರಡು ಏನು ಹೇಳುತ್ತದೆ? ಇಷ್ಟು ವರ್ಷ ಇಟ್ಟುಕೊಂಡು ಬಂಡವಾಳ ವಾಪಸು ಪಡೆದ ಮೇಲೆ ತೆಗೆಯಿರಿ ಎನ್ನುವುದು ಒಂದು ದಾರಿ, ಪರಿಹಾರ ಕೊಟ್ಟು ತೆಗೆಸುವುದು ಇನ್ನೊಂದು. ಅಮೆರಿಕದ ಕಾಯ್ದೆಗೆ 1978ರಲ್ಲಿ ತಂದ ತಿದ್ದುಪಡಿ ಹೆದ್ದಾರಿ ಬದಿಯಲ್ಲಿ ಮೊದಲ ದಾರಿಯನ್ನು ಮುಚ್ಚಿ ಹಣದ ಪರಿಹಾರವನ್ನೇ ಕಡ್ಡಾಯ ಮಾಡಿತು. ಅಷ್ಟು ಹಣ ಯಾವ ನಗರದ ಬೊಕ್ಕಸದಲ್ಲೂ ಸುಲಭಕ್ಕೆ ಸಿಗುವಂಥದ್ದಲ್ಲ. ನಾನು ಗಡುವಿನ ಪರ. ಕಬ್ಬಿಣದ ಚೌಕಟ್ಟು ಎಷ್ಟು ವರ್ಷದಲ್ಲಿ ತನ್ನ ಖರ್ಚು ಗಿಟ್ಟಿಸುತ್ತದೆ ಎಂಬುದನ್ನು ಗುತ್ತಿಗೆದಾರರೇ ಲೆಕ್ಕ ಕೊಟ್ಟು ತೋರಿಸಲಿ. ನಾಲ್ಕು ಹಳೆಯ ಫಲಕ ತೆಗೆದರೆ ಒಂದು ಪರದೆ ಎಂಬಂಥ ವಿನಿಮಯ ಬಂದರೆ ಫಲಕಗಳ ಎಣಿಕೆಗೆ ಮರುಳಾಗಬೇಡಿ. ಯಾವ ನಾಲ್ಕನ್ನು ತೆಗೆಯುತ್ತಾರೆ ಎಂದು ಕೇಳಿ. ಬಾಡಿಗೆಯೇ ಬರದ ಹಿಂಬದಿಯ ನಾಲ್ಕು ತುಕ್ಕು ಚೌಕಟ್ಟುಗಳನ್ನು ಕೊಟ್ಟು ಮುಖ್ಯ ವೃತ್ತದಲ್ಲಿ ಪರದೆ ಪಡೆಯುವುದು ಈ ವ್ಯಾಪಾರದಲ್ಲಿ ಹಳೆಯ ಜಾಣತನ.

ದಂಡದ ಕಲಮಿಗೆ ಒಂದೇ ಪರೀಕ್ಷೆ: ದಂಡ ತಿಂಗಳ ಬಾಡಿಗೆಗಿಂತ ಕಡಿಮೆಯಿದ್ದರೆ ಅದು ದಂಡವಲ್ಲ, ಶುಲ್ಕ.

ಅಹವಾಲು ಸಭೆಯ ದಿನ

ಲಿಖಿತ ಆಕ್ಷೇಪಣೆಯನ್ನು ಗಡುವಿನೊಳಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತು ನಡಾವಳಿಗೆ ಹೋಗುವಷ್ಟರಲ್ಲಿ ಅರ್ಧವಾಗಿರುತ್ತದೆ. ಪ್ರತಿ ಆಕ್ಷೇಪಣೆಯೂ ಮೂರು ಸಾಲಿನದಾಗಿರಲಿ: ಕಲಮಿನ ಸಂಖ್ಯೆ, ಈಗಿರುವ ಪದಗಳು, ಅವುಗಳ ಜಾಗಕ್ಕೆ ನೀವು ಕೇಳುವ ಪದಗಳು. ಕಾರಣವನ್ನು ಬೇಕಿದ್ದರೆ ಕೆಳಗೆ ಬರೆಯಿರಿ. ಅಧಿಕಾರಿಗೆ ನಕಲು ಮಾಡಿ ಅಂಟಿಸಲು ಸಿಗುವ ವಾಕ್ಯ ಕೊಟ್ಟವರ ಮಾತು ನಿಲ್ಲುತ್ತದೆ.

ಮಾತನಾಡಲು ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು. ಎಲ್ಲವನ್ನೂ ಹೇಳಲು ಹೋಗದೆ ನಿಮ್ಮ ರಸ್ತೆಯ ಒಂದು ಫಲಕ, ಒಂದು ಅಳತೆ, ಒಂದು ಚಿತ್ರ ಇಷ್ಟನ್ನೇ ತೋರಿಸಿ. ನೀವು ಯಾವುದನ್ನು ಒಪ್ಪುತ್ತೀರಿ ಎಂಬುದನ್ನೂ ಹೇಳಿ. ಎಲ್ಲವೂ ಬೇಡ ಎನ್ನುವವರನ್ನು ಬದಿಗಿಡುವುದು ಸಭೆಗೆ ಸುಲಭ. ತಾರಸಿಯನ್ನು ಬಾಡಿಗೆಗೆ ಕೊಟ್ಟವರ ಕಷ್ಟವನ್ನೂ ಕೇಳಿಸಿಕೊಳ್ಳಿ. ಆ ಬಾಡಿಗೆಯಲ್ಲೇ ಮನೆ ನಡೆಯುವವರಿದ್ದಾರೆ, ಮತ್ತು ಗಡುವು ಎಷ್ಟಿರಬೇಕು ಎಂಬ ಚರ್ಚೆಯಲ್ಲಿ ಅವರು ನಿಮ್ಮ ಜೊತೆ ಬರಬಹುದು.

ನಿಯಮ ಜಾರಿಯಾದ ವಾರದಲ್ಲೇ ನಿಮ್ಮ ರಸ್ತೆಯ ಪಟ್ಟಿಯನ್ನು ಇನ್ನೊಮ್ಮೆ ತಾಳೆ ನೋಡಿ, ತಾರೀಖು ಕಾಣುವಂತೆ ಚಿತ್ರ ತೆಗೆದು, ಒಂದು ಪ್ರತಿಯನ್ನು ಪರವಾನಗಿ ವಿಭಾಗಕ್ಕೆ ಸ್ವೀಕೃತಿಯೊಂದಿಗೆ ಕೊಡಿ. ಹಳೆಯ ಫಲಕಗಳಿಗೆ ವಿನಾಯಿತಿ ಇರುವ ಕಡೆಯೆಲ್ಲ ರಾತ್ರೋರಾತ್ರಿ ಹೊಸ ಚೌಕಟ್ಟುಗಳು ಎದ್ದು ‘ಇದು ಮೊದಲಿನಿಂದಲೂ ಇತ್ತು’ ಎನ್ನುತ್ತವೆ. ಆಗ ಕಡತದಲ್ಲಿ ನಿಮ್ಮ ಪಟ್ಟಿ ಇದ್ದರೆ, ಇರಲಿಲ್ಲ ಎಂದು ತೋರಿಸಲು ಸಂಖ್ಯೆ, ತಾರೀಖು, ಮುದ್ರೆ ಮೂರೂ ಇರುತ್ತವೆ.