ರೆಸಿನ್ ಪ್ರಿಂಟರ್‌ನ್ಯಾಗ ಮೈಕ್ರೋಫ್ಲೂಯಿಡಿಕ್ ಚಿಪ್ ಮಾಡೂದು ಹೆಂಗ

ನಿಮ್ಮ ಕಾಲೇಜ್ ಲ್ಯಾಬ್‌ನ್ಯಾಗ ರೆಸಿನ್ ಪ್ರಿಂಟರ್ (ದ್ರವ ರೆಸಿನ್ ಅನ್ನ ಯುವಿ ಬೆಳಕಿನಿಂದ ಪದರ ಪದರ ಗಟ್ಟಿ ಮಾಡೂ 3ಡಿ ಪ್ರಿಂಟರ್) ಇದ್ರ, ಮೈಕ್ರೋಫ್ಲೂಯಿಡಿಕ್ ಚಿಪ್, ಅಂದ್ರ ಒಳಗ ಸಣ್ಣ ಚಾನೆಲ್ (ದ್ರವ ಹರಿಯೂ ದಾರಿ) ಇದ್ದು ಎರಡು ದ್ರಾವಣ ಕೂಡಿಸಿ ನೋಡೂವಂಥ ಸಣ್ಣ ಚಿಪ್ ಬೇಕಂದ್ರ ಧೂಳಿಲ್ಲದ ವಿಶೇಷ ಲ್ಯಾಬ್, ಅಂದ್ರ ಕ್ಲೀನ್‌ರೂಮ್ ಹುಡುಕ್ಕೋಂತ ಬೆಂಗಳೂರಿಗೆ ಹೋಗೂದು ಬ್ಯಾಡ, ಬೆಳಗಾವಿಯೊಳಗ ಕುಂತ ಮಾಡಬಹುದು. ಪ್ರಿಂಟ್ ತೆಗಿಯೂದು ಸರಳ ರೀ, ಚಾನೆಲ್ ಒಳಗ ಉಳಿದ ರೆಸಿನ್ ಹೊರಗ ತೆಗಿಯೂದ ಖರೇ ಕೆಲಸ.

ಪ್ರಿಂಟರಿನ ಪಿಕ್ಸೆಲ್ (ಬೆಳಕಿನ ಒಂದ್ ಚುಕ್ಕಿ) 50 ಮೈಕ್ರಾನ್, ಅಂದ್ರ 0.05 ಮಿ.ಮೀ., ಅಂತ ಬರದಿದ್ದು ನೋಡಿ ಚಾನೆಲ್‌ನೂ 50 ಮೈಕ್ರಾನ್ ಇಡಬ್ಯಾಡ್ರಿ, ಮುಚ್ಚಿಹೋಗ್ತೈತಿ. ಯಾಕಂದ್ರ ಚಾನೆಲ್ ಮುಚ್ಚೂ ಲೇಯರ್ ಗಟ್ಟಿ ಮಾಡೂ ಯುವಿ ಬೆಳಕು ಅಲ್ಲೇ ನಿಲ್ಲಂಗಿಲ್ಲ, ದಾಟಿ ಹೋಗಿ ಒಳಗ ಸಿಕ್ಕೊಂಡ ರೆಸಿನ್‌ನೂ ಗಟ್ಟಿ ಮಾಡ್ತೈತಿ, ಅದರಾಗ ಕ್ಲಿಯರ್ ರೆಸಿನ್ ಆದ್ರ ಬೆಳಕು ಇನ್ನೂ ಆಳಕ್ಕ ಇಳೀತೈತಿ. ಮೊದಲ 1 ಮಿ.ಮೀ. ಅಗಲ ಇಟ್ಟು ನೋಡ್ರಿ, ಅದು ಸ್ವಚ್ಛ ಬಂದ್ರ 0.8, ಆಮ್ಯಾಲೆ 0.6. ಎರಡೂ ತುದಿ ತೆರೆದಿರಲಿ, ಸಿರಿಂಜ್ ಮೂತಿ ಕೂಡೂವಷ್ಟು ತೂತಿರಲಿ, ಮೂಲಿಗೆ ದುಂಡು ತಿರುವು ಕೊಡ್ರಿ. ಚಿಪ್ ಓರೆ ನಿಲ್ಲಿಸಿ ಪ್ರಿಂಟ್ ಕೊಟ್ರ ರೆಸಿನ್ ತಾನಾಗೇ ಇಳೀತೈತಿ.

ನಮ್ಮ ಬೆಳಗಾವಿ ಮಳಿಗಾಲ, ಡಿಸೆಂಬರ್ ಥಂಡಿಯೊಳಗ ರೆಸಿನ್ ಮಂದ ಆಗಿ ಪ್ರಿಂಟ್ ಕೆಡ್ತೈತಿ, ಬಾಟ್ಲಿ ಮುಚ್ಚಳ ಬಿಗಿ ಮಾಡಿ ಬೆಚ್ಚನ ನೀರಾಗ ಸ್ವಲ್ಪ ಹೊತ್ತು ಇಟ್ಟು, ಒರೆಸಿ, ಅಲ್ಲಾಡಿಸಿ ಹಾಕ್ರಿ. ವಿಜಾಪುರ ಕಡೆ ಬ್ಯಾಸಗಿಗೆ ಈ ತ್ರಾಸ ಇಲ್ಲ.

ಪ್ರಿಂಟ್ ಇಳಿಸಿದ ಕೂಡಲೇ, ಪ್ರಿಂಟ್ ಪೂರ್ತಿ ಗಟ್ಟಿ ಮಾಡೂ ಯುವಿ ಬೆಳಕಿನ ಡಬ್ಬಿಗೆ ಹಾಕೂಕಿಂತ ಮೊದಲ, ಕೈಗೆ ನೈಟ್ರೈಲ್ ಗ್ಲೋವ್ಸ್, ಕಣ್ಣಿಗೆ ಚಷ್ಮಾ ಹಾಕ್ಕೊಂಡು ಸಿರಿಂಜ್‌ನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದ್ ತುದಿಯಿಂದ ಒತ್ರಿ, ಆಮ್ಯಾಲೆ ಇನ್ನೊಂದ್ ತುದಿಯಿಂದ. ಬರೋ ದ್ರವ ತಿಳಿ ಆಗೂತನ ಬಿಡಬ್ಯಾಡ್ರಿ, ಗಾಳಿ ಒತ್ತಿ ಒಣಗಿಸಿ ಸಾದಾ ಬೆಳಕಿಗೆ ಹಿಡದು ನೋಡ್ರಿ, ಎಲ್ಲ್ಯಾರ ಮಬ್ಬು ಕಂಡ್ರ ಮತ್ತ ಒತ್ರಿ. ಹಂಗಂತ ರಾತ್ರಿಪೂರ್ತಿ ಆಲ್ಕೋಹಾಲ್‌ನ್ಯಾಗ ನೆನಿ ಹಾಕಿದ್ರ ಪ್ಲಾಸ್ಟಿಕ್ ಉಬ್ಬಿ ಸೀಳ್ತೈತಿ. ತೊಳೆದ ದ್ರವ ಸಿಂಕಿಗೆ ಚೆಲ್ಲಬ್ಯಾಡ್ರಿ, ಲ್ಯಾಬಿನ ಕೆಮಿಕಲ್ ವೇಸ್ಟ್ ಡಬ್ಬಿಗೆ ಹಾಕ್ರಿ.

ಯುವಿ ಆದ ಮ್ಯಾಲೆ ಟೆಸ್ಟ್. ವೈ ಆಕಾರದ ಚಿಪ್ಪಿಗೆ ಒಂದ್ ಕಡೆ ಕೆಂಪು, ಒಂದ್ ಕಡೆ ನೀಲಿ ಬಣ್ಣದ ನೀರು ನಿಧಾನ ಬಿಡ್ರಿ. ಎರಡೂ ಕೂಡಂಗಿಲ್ಲ, ನಡುವ ಗೆರಿ ಕೊರದಂಗ ಬಾಜೂಬಾಜೂ ಹರೀತಾವ. ಚಿಪ್ ಕೆಟ್ಟೈತಿ ಅನಕೋಬ್ಯಾಡ್ರಿ, ಇಷ್ಟು ಸಣ್ಣ ದಾರಿಯೊಳಗ ಸುಳಿ ಏಳಂಗಿಲ್ಲ, ಡಿಫ್ಯೂಶನ್‌ನಿಂದ (ಕಣ ತಾವಾಗೇ ನಿಧಾನ ಹರಡೂದ್ರಿಂದ) ಅಷ್ಟ ಬೆರೀತಾವ, ಅದನ್ನ ಕಣ್ಣಾರೆ ನೋಡೂದು ಭಾಳ ಚಂದ! ಬೆರೀಬೇಕಂದ್ರ ಚಾನೆಲ್ ಉದ್ದ ಮಾಡಿ ಹಾವಿನಂಗ ಸುತ್ತಿಸ್ರಿ.

ಇದ ಪ್ರಿಂಟ್ ಅಚ್ಚು ಮಾಡಿ ಪಿಡಿಎಂಎಸ್ (ರಬ್ಬರಿನಂಥ ಮೆತ್ತನ ಸಿಲಿಕೋನ್) ಹೊಯ್ಯೂವರು ಅಚ್ಚನ್ನ ಚೆನ್ನಾಗಿ ತೊಳೆದು, ಯುವಿ ಕೊಟ್ಟು, ಓವನ್‌ನ್ಯಾಗ ತಾಸುಗಟ್ಟಲೆ ಬೇಯಿಸ್ರಿ, ಇಲ್ಲಂದ್ರ ಉಳಿದ ರೆಸಿನ್ ತಾಗಿದಲ್ಲೆಲ್ಲಾ ಪಿಡಿಎಂಎಸ್ ಗಟ್ಟಿ ಆಗದ ಅಂಟಂಟ ಉಳೀತೈತಿ.